ಕಂದಕದಲ್ಲಿ ಕಳೆದ ನಾಲ್ಕು ಚಳಿಗಾಲ

ಕಂದಕ ಅಂದ ಕೂಡಲೇ ನಮಗೆ ಎರಡು ನೆನಪಾಗುತ್ತವೆ. ಒಂದು, ಶ್ರೀರಂಗಪಟ್ಟಣದ ಕೋಟೆಯ ಸುತ್ತ ಇರುವಂಥದ್ದು. ಇನ್ನೊಂದು, ಬಂಡೀಪುರ, ನಾಗರಹೊಳೆ ಕಡೆ ಕಾಡಂಚಿನಲ್ಲಿ ತೋಡಿರುವ ಆನೆ ಕಂದಕ. ಎರಡರ ಕೆಲಸವೂ ಒಂದೇ: ಆಚೆಯವರು ಈಚೆ ಬರಬಾರದು. ಅದರೊಳಗೆ ಇಳಿದವನ ಕಥೆ ಮುಗಿಯಿತು ಅಂತಲೇ ನಮ್ಮ ಲೆಕ್ಕ. ಕಂದಕದಲ್ಲೇ ಉಂಡು, ಮಲಗಿ, ಪತ್ರ ಬರೆದು, ಚಹಾ ಕಾಯಿಸಿ ವರ್ಷಗಟ್ಟಲೆ ಬದುಕುವುದು ಊಹೆಗೂ ಬರುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಲಕ್ಷಾಂತರ ಸೈನಿಕರು ಬದುಕಿದ್ದು ಹಾಗೆ. 1914ರ ಕೊನೆಯಿಂದ 1918ರವರೆಗೆ, ನಾಲ್ಕು ಚಳಿಗಾಲ. ಎರಡೂ ಕಡೆಯವರು ಎದುರುಬದುರು ನೆಲ ತೋಡಿಕೊಂಡು ಕೂತರು. ಯಾಕೆ ಎದ್ದು ಬರಲಿಲ್ಲ? ಯಾಕೆ ಒಬ್ಬರು ಇನ್ನೊಬ್ಬರನ್ನು ದಾಟಿ ಹೋಗಲಿಲ್ಲ? ‘ಜನರಲ್‌ಗಳು ದಡ್ಡರು’ ಅನ್ನುವ ಉತ್ತರ ಬೇಗ ಸಿಗುತ್ತದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಅಷ್ಟೇ ಅಂದುಕೊಂಡರೆ ಕಂದಕ ಅರ್ಥವಾಗುವುದಿಲ್ಲ. ಅದು ಜೀವ ಉಳಿಸುವ ಉಪಾಯವಾಗಿ ಶುರುವಾಯಿತು. ಆ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡಿತು ಅಂದರೆ, ಯುದ್ಧ ಮುಗಿಯುವ ದಾರಿಯೇ ಮುಚ್ಚಿಹೋಯಿತು.

ಸುತ್ತಿಕೊಂಡು ಹೋಗಲು ಜಾಗವೇ ಇಲ್ಲ

1914ರ ಆಗಸ್ಟ್‌ನಲ್ಲಿ ಹೊರಟವರ ತಲೆಯಲ್ಲಿ ಕಂದಕ ಇರಲಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಮನೆಗೆ ವಾಪಸ್ ಅಂದುಕೊಂಡವರೇ ಬಹಳ. ಫ್ರೆಂಚ್ ಕಾಲಾಳುಗಳು ಕೆಂಪು ಪ್ಯಾಂಟ್ ಹಾಕಿಕೊಂಡು ರಣರಂಗಕ್ಕೆ ಹೋದರು. ದೂರದಿಂದಲೇ ಗುರಿ ಇಡಲು ಅದಕ್ಕಿಂತ ಒಳ್ಳೆಯ ಬಣ್ಣ ಬೇಕಾ?

ಜರ್ಮನಿಯ ಲೆಕ್ಕ ಹೀಗಿತ್ತು. ಬೆಲ್ಜಿಯಂ ಮೂಲಕ ನುಗ್ಗಿ ಬೇಗ ಫ್ರಾನ್ಸನ್ನು ಮಣಿಸಬೇಕು. ಆಮೇಲೆ ತಿರುಗಿ ರಷ್ಯಾ ನೋಡಿಕೊಳ್ಳಬೇಕು. ಸೆಪ್ಟೆಂಬರ್ ಮೊದಲ ಭಾಗದಲ್ಲಿ ಪ್ಯಾರಿಸ್ ಹತ್ತಿರದ ಮಾರ್ನ್ ನದಿಯ ಬಳಿ ಈ ಲೆಕ್ಕ ತಪ್ಪಿತು. ಹಿಂದೆ ಸರಿದ ಜರ್ಮನ್ನರು ಏನ್ ನದಿಯ ಆಚೆ ದಿಣ್ಣೆಯ ಮೇಲೆ ನಿಂತು ಗುಂಡಿ ತೋಡಿಕೊಂಡರು. ಬೆನ್ನಟ್ಟಿ ಬಂದ ಫ್ರೆಂಚರು, ಬ್ರಿಟಿಷರು ಗುಂಡಿನ ಮಳೆಗೆ ಮೇಲೆ ಹತ್ತಲಾಗದೆ ತಾವೂ ತೋಡಿದರು.

ಎದುರಿಗೆ ನುಗ್ಗಲಾಗದಿದ್ದರೆ ಪಕ್ಕದಿಂದ ಸುತ್ತಿಕೊಂಡು ಹೋಗೋಣ ಅನ್ನಿಸುತ್ತದೆ, ಅಲ್ವಾ? ಇಬ್ಬರಿಗೂ ಅದೇ ಅನ್ನಿಸಿತು. ಇವರು ಉತ್ತರಕ್ಕೆ ಸರಿದರೆ ಅವರೂ ಸರಿದರು. ಅವರು ತೋಡಿದರೆ ಇವರೂ ತೋಡಿದರು. ಹೀಗೆ ಒಬ್ಬರನ್ನೊಬ್ಬರು ತಡೆಯುತ್ತಾ ಸಮುದ್ರ ಮುಟ್ಟಿದರು. ನವೆಂಬರ್ ಹೊತ್ತಿಗೆ ಸ್ವಿಟ್ಜರ್ಲೆಂಡ್ ಗಡಿಯಿಂದ ಉತ್ತರ ಸಮುದ್ರದವರೆಗೆ ಸುಮಾರು 700 ಕಿಲೋಮೀಟರ್ ಉದ್ದದ ಸಾಲು ತಯಾರಾಗಿತ್ತು. ಒಂದು ತುದಿಯಲ್ಲಿ ಪರ್ವತ, ಇನ್ನೊಂದು ತುದಿಯಲ್ಲಿ ನೀರು. ಪಕ್ಕ ಅನ್ನುವುದೇ ಉಳಿಯಲಿಲ್ಲ. ಇನ್ನು ಹೋಗುವುದಿದ್ದರೆ ಎದುರಿನಿಂದಲೇ ಹೋಗಬೇಕು.

ಎದುರಿನಿಂದ ಹೋಗುವುದು ಅಂದರೆ ಏನು? ಎರಡು ಕಂದಕಗಳ ನಡುವಿನ ಬಯಲಿಗೆ ‘ನೋ ಮ್ಯಾನ್ಸ್ ಲ್ಯಾಂಡ್’ ಅನ್ನುತ್ತಿದ್ದರು. ಯಾರದ್ದೂ ಅಲ್ಲದ ನೆಲ. ಸಾಮಾನ್ಯವಾಗಿ ಅದರ ಅಗಲ ನೂರರಿಂದ ಮುನ್ನೂರು ಗಜ. ಕೆಲವು ಕಡೆ ಎಷ್ಟು ಹತ್ತಿರ ಅಂದರೆ ಆಚೆಯವರು ಕೆಮ್ಮಿದ್ದು ಈಚೆಗೆ ಕೇಳಿಸುತ್ತಿತ್ತು. ಇನ್ನೂರು ಗಜ ಏನು ಮಹಾ, ಒಂದು ನಿಮಿಷದಲ್ಲಿ ಓಡಬಹುದು ಅನ್ನಿಸುತ್ತದೆ. ಆದರೆ ಬೆನ್ನ ಮೇಲೆ ಸುಮಾರು ಇಪ್ಪತ್ತೈದು ಕಿಲೋ ಸಾಮಾನು. ಕಾಲಡಿಯಲ್ಲಿ ಕೆಸರು, ಷೆಲ್ (ಫಿರಂಗಿ ಹಾರಿಸುವ ಸ್ಫೋಟಕ ಗುಂಡು) ಬಿದ್ದು ಆದ ಗುಂಡಿಗಳು. ಎದುರಿಗೆ ನಿಮಿಷಕ್ಕೆ ಐನೂರು ಗುಂಡು ಹಾರಿಸುವ ಮೆಷಿನ್ ಗನ್. ಅದರ ಹಿಂದೆ ಕಾಣದಷ್ಟು ದೂರದಲ್ಲಿ ಫಿರಂಗಿಗಳು. ಇದೆಲ್ಲ ದಾಟಿ ಬಂದವನಿಗೆ ಕೊನೆಯಲ್ಲಿ ಮುಳ್ಳುತಂತಿ.

ಮುಳ್ಳುತಂತಿ ದನಕ್ಕಾಗಿ ಬಂದದ್ದು. 1874ರಲ್ಲಿ ಅಮೆರಿಕದ ಜೋಸೆಫ್ ಗ್ಲಿಡನ್ ಎಂಬ ರೈತ ಪೇಟೆಂಟ್ ತೆಗೆದುಕೊಂಡ ಬೇಲಿ ಅದು. ಯುದ್ಧಕ್ಕೆ ಅದು ಸರಿಯಾಗಿ ಒಗ್ಗಿತು. ಫಿರಂಗಿ ಹೊಡೆದರೆ ಗೋಡೆ ಬೀಳುತ್ತದೆ. ತಂತಿ ಸುಮ್ನೆ ಮೇಲಕ್ಕೆದ್ದು, ಇನ್ನಷ್ಟು ಸಿಕ್ಕುಗಟ್ಟಿ ಮತ್ತೆ ಬೀಳುತ್ತದೆ. ಅದರೊಳಗೆ ಕೋಟು ಸಿಕ್ಕಿಸಿಕೊಂಡು ನಿಂತವನಿಗೆ ಗುರಿ ಇಡುವುದೇನು ಕಷ್ಟ?

ಇಲ್ಲಿ ನಮ್ಮ ಊರಿನ ಹೆಸರು ಬರುತ್ತದೆ. ತಂತಿ ಒಡೆಯಲು ಬಳಸುತ್ತಿದ್ದ ಒಂದು ಸಾಧನದ ಹೆಸರೇ ‘ಬ್ಯಾಂಗಲೋರ್ ಟಾರ್ಪೆಡೊ’. ಬೆಂಗಳೂರಿನಲ್ಲಿದ್ದ ಮದ್ರಾಸ್ ಸ್ಯಾಪರ್ಸ್ ಎಂಬ ಎಂಜಿನಿಯರ್ ಪಡೆಯ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ 1912ರಲ್ಲಿ ಅದನ್ನು ರೂಪಿಸಿದರು. ಸಮುದ್ರದ ಟಾರ್ಪೆಡೊಗೂ ಅದಕ್ಕೂ ಸಂಬಂಧವಿಲ್ಲ. ಸ್ಫೋಟಕ ತುಂಬಿದ ಉದ್ದನೆಯ ಪೈಪು, ಅಷ್ಟೇ. ಒಂದಕ್ಕೊಂದು ಜೋಡಿಸುತ್ತಾ ತಂತಿಯ ಅಡಿಗೆ ತಳ್ಳಿ ಸಿಡಿಸಿದರೆ, ಒಬ್ಬರ ಹಿಂದೆ ಒಬ್ಬರು ನುಗ್ಗುವಷ್ಟು ದಾರಿಯಾಗುತ್ತದೆ. 1944ರಲ್ಲಿ ನಾರ್ಮಂಡಿ ಕಡಲತೀರದಲ್ಲೂ ಅದು ಕೆಲಸಕ್ಕೆ ಬಂತು. ಆದರೆ ಯಾರೋ ಒಬ್ಬ ಕತ್ತಲಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಆ ಪೈಪನ್ನು ಬೇಲಿಯವರೆಗೆ ಒಯ್ಯಬೇಕಿತ್ತು. ಆ ಕಷ್ಟಕ್ಕೆ ಯಾವ ಕ್ಯಾಪ್ಟನ್ನೂ ಉಪಾಯ ಕಂಡುಹಿಡಿಯಲಿಲ್ಲ.

ಒಳಗೆ ಹೊಕ್ಕರೂ ಆಚೆ ಹೋಗಲಾಗದು

ತಂತಿ ದಾಟಿ ಎದುರಾಳಿಯ ಕಂದಕ ಹಿಡಿದರೆ ಗೆದ್ದ ಹಾಗೆ ಅಲ್ವಾ? ಅಲ್ಲ. ಇದನ್ನು ತಿಳಿಯಲು ನವ್ ಶಪೆಲ್ ಎಂಬ ಹಳ್ಳಿಯ ಕಥೆ ಸಾಕು. ಅದು ಉತ್ತರ ಫ್ರಾನ್ಸ್‌ನಲ್ಲಿದೆ. 1915ರ ಮಾರ್ಚ್ 10ರಂದು ಬ್ರಿಟಿಷರ ಕಡೆಯಿಂದ ಅಲ್ಲಿ ದಾಳಿಗೆ ಹೋದವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಭಾರತದ ಸೈನಿಕರು.

ಬೆಳಗ್ಗೆ ಫಿರಂಗಿಗಳು 35 ನಿಮಿಷ ಬಿಡದೆ ಹೊಡೆದವು. ಆಮೇಲೆ ಕಾಲಾಳುಗಳು ನುಗ್ಗಿದರು. ಕೆಲವೇ ಗಂಟೆಗಳಲ್ಲಿ ಹಳ್ಳಿ ಕೈವಶವಾಯಿತು. ಅಷ್ಟು ಬೇಗ ಆದೀತು ಅಂತ ಅವರೂ ಎಣಿಸಿರಲಿಲ್ಲವೇನೋ. ಮುಂದಿನ ದಾರಿ ಬಹುತೇಕ ಖಾಲಿ ಇತ್ತು. ಆದರೆ ‘ಮುಂದೆ ಹೋಗಿ’ ಅನ್ನುವ ಅಪ್ಪಣೆ ಬರಬೇಕಲ್ಲ?

ಮುಂದೆ ಹೋದವರ ಕೈಯಲ್ಲಿ ವೈರ್‌ಲೆಸ್ ಇರಲಿಲ್ಲ. ಹೊತ್ತೊಯ್ಯುವಂಥ ಸೆಟ್ಟುಗಳು ಆಗಿನ್ನೂ ಬಂದಿರಲಿಲ್ಲ. ಟೆಲಿಫೋನ್ ತಂತಿ ಎಳೆದರೆ ಷೆಲ್ ಬಿದ್ದು ತುಂಡಾಗುತ್ತಿತ್ತು. ಉಳಿದದ್ದು ಚೀಟಿ ಹಿಡಿದು ಓಡುವ ಹುಡುಗ, ಇಲ್ಲವೇ ಪಾರಿವಾಳ. ಮುಂದಿನ ಸಾಲಿನಿಂದ ಸುದ್ದಿ ಹಿಂದಕ್ಕೆ ಹೋಗಿ, ಅಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಏರಿ, ಉತ್ತರ ವಾಪಸ್ ಬರಲು ಗಂಟೆಗಟ್ಟಲೆ ಬೇಕಾಯಿತು. ಅಷ್ಟರಲ್ಲಿ ಜರ್ಮನ್ನರು ಹೊಸ ಪಡೆ ತಂದು ಹಿಂದೆ ಹೊಸ ಸಾಲು ಕಟ್ಟಿಕೊಂಡರು. ಮಾರ್ಚ್ 13ಕ್ಕೆ ಎಲ್ಲ ನಿಂತುಹೋಯಿತು. ಸಿಕ್ಕಿದ್ದು ಒಂದೆರಡು ಕಿಲೋಮೀಟರ್ ನೆಲ. ಭಾರತೀಯ ಪಡೆಯೊಂದರಲ್ಲೇ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 4,200 ಮಂದಿ.

ಬೇಲಿಯ ಪಾಠವೂ ಅಲ್ಲೇ ಸಿಕ್ಕಿತು. ಫಿರಂಗಿ ಚೆನ್ನಾಗಿ ಹೊಡೆದಿದ್ದ ಕಡೆ ತಂತಿ ಹರಿದಿತ್ತು, ಜನ ದಾಟಿದರು. ಗಢ್ವಾಲ್ ರೈಫಲ್ಸ್‌ನ ಒಂದು ಬೆಟಾಲಿಯನ್ ದಾರಿ ತಪ್ಪಿ ಬಲಕ್ಕೆ ಹೊರಳಿತು. ಅಲ್ಲಿ ತಂತಿ ಹಾಗೇ ಇತ್ತು. ಮುಂದೆ ನಿಂತು ನಡೆಸುತ್ತಿದ್ದ ಬ್ರಿಟಿಷ್ ಅಧಿಕಾರಿಗಳೆಲ್ಲ ಅಲ್ಲೇ ಬಿದ್ದರು. ಅದೇ ರೆಜಿಮೆಂಟಿನ ಇನ್ನೊಂದು ಬೆಟಾಲಿಯನ್ನಿನ ಗಬರ್ ಸಿಂಗ್ ನೇಗಿ ಜರ್ಮನ್ ಕಂದಕದೊಳಗೆ ನುಗ್ಗಿ ಒಂದೊಂದೇ ತಿರುವು ದಾಟುತ್ತಾ ಹೋರಾಡಿ ಸತ್ತರು. ಅವರಿಗೆ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಂದಿತು.

ಇದರ ಹಿಂದಿನ ಲೆಕ್ಕ ಸರಳ. ದಾಳಿ ಮಾಡುವವನು ತಾನೇ ಉತ್ತು ಹಾಕಿದ ನೆಲದ ಮೇಲೆ ನಡೆದು ಹೋಗಬೇಕು. ಫಿರಂಗಿ ಎಳೆಯಬೇಕು, ನೀರು ಹೊರಬೇಕು, ಗುಂಡು ಹೊರಬೇಕು. ಕಾಯುವವನು ಹಿಂದಿನಿಂದ ರೈಲಿನಲ್ಲಿ ಬರುತ್ತಾನೆ. ರೈಲಿಗೂ ಕಾಲ್ನಡಿಗೆಗೂ ಪಂದ್ಯವಿಟ್ಟರೆ ಗೆಲ್ಲುವವರು ಯಾರು? ಮೂರು ವರ್ಷ ಆ ಪಂದ್ಯ ನಡೆಯಿತು.

ಅಂಕುಡೊಂಕು ಯಾಕೆ?

ಮೇಲಿಂದ ತೆಗೆದ ಹಳೆಯ ಫೋಟೋಗಳನ್ನು ನೋಡಿದರೆ ಕಂದಕ ಎಲ್ಲೂ ನೆಟ್ಟಗಿರುವುದಿಲ್ಲ. ಕೆಲವು ಗಜ ಹೋಗುತ್ತದೆ, ತಿರುಗುತ್ತದೆ, ಮತ್ತೆ ತಿರುಗುತ್ತದೆ. ಕಾರಣವಿದೆ. ನೇರ ಕಂದಕದೊಳಗೆ ಒಂದು ಷೆಲ್ ಬಿದ್ದರೆ ಅದರ ಚೂರುಗಳು ಉದ್ದಕ್ಕೂ ಹಾರುತ್ತವೆ. ಶತ್ರು ಒಂದು ತುದಿಗೆ ಬಂದು ಮೆಷಿನ್ ಗನ್ ಇಟ್ಟರೆ ಇಡೀ ಸಾಲೇ ಹೋಗುತ್ತದೆ. ತಿರುವು ಇದ್ದರೆ ಸಾವು ಆ ತಿರುವಿಗೇ ನಿಲ್ಲುತ್ತದೆ.

ಆಳ ಒಂದಾಳಿಗಿಂತ ಸ್ವಲ್ಪ ಜಾಸ್ತಿ. ಶತ್ರುವಿನ ಕಡೆಯ ಅಂಚಿಗೆ ಮರಳು ಮೂಟೆ. ಒಳಗೋಡೆಗೆ ಒಂದು ಮೆಟ್ಟಿಲು. ಗುಂಡು ಹೊಡೆಯಬೇಕಾದಾಗ ಅದರ ಮೇಲೆ ಹತ್ತಬೇಕು. ಉಳಿದ ಹೊತ್ತು ಕೆಳಗೆ. ತಲೆ ಎತ್ತಿದರೆ ಎದುರಿನ ಗುರಿಕಾರ ಕಾಯುತ್ತಿರುತ್ತಾನೆ. ಹೊರಗೆ ನೋಡಬೇಕೆಂದರೆ ಕನ್ನಡಿ ಇಟ್ಟ ಪೆರಿಸ್ಕೋಪ್ ಬೇಕು. ಮೊದಲ ಸಾಲಿನ ಹಿಂದೆ ಎರಡನೆಯದು, ಅದರ ಹಿಂದೆ ಮೂರನೆಯದು. ಇವನ್ನು ಜೋಡಿಸಲು ಅಡ್ಡ ಕಂದಕಗಳು. ರಾತ್ರಿ ಅದೊಂದು ಕೆಸರಿನ ಊರು. ಗೊತ್ತಿಲ್ಲದವರು ದಾರಿ ತಪ್ಪುತ್ತಿದ್ದರು. ಅದಕ್ಕೇ ಬ್ರಿಟಿಷರು ಲಂಡನ್ ಬೀದಿಗಳ ಹೆಸರಿನ ಬೋರ್ಡು ನೆಟ್ಟುಕೊಂಡಿದ್ದರು.

ಎಲ್ಲರ ಕಂದಕವೂ ಒಂದೇ ಥರ ಇರಲಿಲ್ಲ. ಜರ್ಮನ್ನರು ಬೇರೆಯವರ ನೆಲ ಹಿಡಿದು ಕೂತಿದ್ದರು, ಅದನ್ನು ಉಳಿಸಿಕೊಂಡರೆ ಅವರಿಗೆ ಸಾಕಿತ್ತು. ಹಾಗಾಗಿ ಗಟ್ಟಿಯಾಗಿ ಕಟ್ಟಿದರು. ಫ್ರಾನ್ಸ್‌ನ ಸೊಮ್ ನದಿಯ ಕಡೆಯ ಸುಣ್ಣಕಲ್ಲಿನ ನೆಲದಲ್ಲಿ ಮೂವತ್ತು ಅಡಿ ಆಳದ ಕೋಣೆಗಳು, ಮಂಚಗಳು, ಕೆಲವು ಕಡೆ ವಿದ್ಯುತ್ ದೀಪ ಕೂಡ. ಬ್ರಿಟಿಷರ ಮತ್ತು ಫ್ರೆಂಚರ ಲೆಕ್ಕವೇ ಬೇರೆ. ನಾಳೆ ಮುಂದೆ ಹೋಗುವವರಿಗೆ ಇಂದು ಗಟ್ಟಿಮನೆ ಯಾಕೆ? ಆ ‘ನಾಳೆ’ ಬರಲಿಲ್ಲ. ಬಾಡಿಗೆ ಮನೆಗೆ ಯಾಕೆ ದುಡ್ಡು ಹಾಕೋದು ಅಂತ ಇಪ್ಪತ್ತು ವರ್ಷ ಸೋರುವ ಸೂರಿನಡಿ ಇದ್ದ ಹಾಗಾಯಿತು.

ಕಾಲು

ಸೈನಿಕರ ಕಷ್ಟ ಅಂದರೆ ಎಲ್ಲರೂ ಗುಂಡಿನ ಮಾತಾಡುತ್ತಾರೆ. ನನಗೆ ಕಾಲಿನ ಮಾತು ಆಡಬೇಕು ಅನ್ನಿಸುತ್ತದೆ.

ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶ ತಗ್ಗು ನೆಲ. ಮೇಲೆ ಜೇಡಿಮಣ್ಣು. ಎರಡು ಅಡಿ ತೋಡಿದರೆ ನೀರು ಜಿನುಗುತ್ತದೆ. ಅಲ್ಲಿನ ರೈತರು ತಲೆಮಾರುಗಳಿಂದ ಕಾಲುವೆ ತೋಡಿ ನೀರು ಹೊರಹಾಕಿ ಬೇಸಾಯ ಮಾಡುತ್ತಿದ್ದರು. ಷೆಲ್‌ಗಳು ಆ ಕಾಲುವೆಗಳನ್ನೇ ಒಡೆದುಹಾಕಿದವು. ಮಳೆ ಬಂದರೆ ನೀರಿಗೆ ಹೋಗಲು ದಾರಿಯಿಲ್ಲ. ಎಲ್ಲಿಗೆ ಇಳಿಯಬೇಕು? ಕಂದಕಕ್ಕೆ. ಕೆಲವು ಕಡೆ ತೋಡುವುದನ್ನೇ ಬಿಟ್ಟು ಮರಳು ಮೂಟೆ ಪೇರಿಸಿ ನೆಲದ ಮೇಲೆ ಗೋಡೆ ಕಟ್ಟಿಕೊಂಡರು.

ಮೊದಲ ಚಳಿಗಾಲದಲ್ಲಿ ಸೈನಿಕರು ಮೊಣಕಾಲುದ್ದ ನೀರಿನಲ್ಲಿ ದಿನಗಟ್ಟಲೆ ನಿಂತರು. ಬೂಟು ಬಿಚ್ಚುವಂತಿಲ್ಲ, ದಾಳಿ ಯಾವಾಗ ಬೇಕಾದರೂ ಆಗಬಹುದು. ಕಾಲಿಗೆ ಬಿಗಿಯಾಗಿ ಸುತ್ತಿದ ಪಟ್ಟಿ ನೆನೆದು ಇನ್ನಷ್ಟು ಬಿಗಿಯಾಗುತ್ತದೆ. ರಕ್ತ ಓಡುವುದಿಲ್ಲ. ಮೊದಲು ಕಾಲು ಜುಮ್ಮೆನ್ನುತ್ತದೆ, ಆಮೇಲೆ ಮರಗಟ್ಟುತ್ತದೆ. ಬೂಟು ಬಿಚ್ಚಿದ ಮೇಲೆ ಊದಿಕೊಳ್ಳುತ್ತದೆ. ಮತ್ತೆ ಹಾಕಲು ನೋಡಿದರೆ ಹೋಗುವುದೇ ಇಲ್ಲ. ಚರ್ಮ ನೀಲಿಗಟ್ಟಿ ಸುಲಿಯುತ್ತದೆ. ಕೈ ಮೀರಿದರೆ ಕೊಳೆಯುತ್ತದೆ, ಆಗ ಕತ್ತರಿಸಬೇಕು. ಹಿಮ ಬೀಳಬೇಕಾಗಿಲ್ಲ. ಒದ್ದೆ ಮತ್ತು ಚಳಿ ಎರಡಿದ್ದರೆ ಸಾಕು. ಇದಕ್ಕೆ ‘ಟ್ರೆಂಚ್ ಫುಟ್’ ಎಂದು ಹೆಸರು ಬಿತ್ತು. 1914-15ರ ಚಳಿಗಾಲದಲ್ಲಿ ಬ್ರಿಟಿಷ್ ಸೇನೆಯಲ್ಲೇ ಸುಮಾರು 20,000 ಮಂದಿಗೆ ಇದಕ್ಕಾಗಿ ಚಿಕಿತ್ಸೆ ಕೊಡಬೇಕಾಯಿತು.

ಪರಿಹಾರ ಏನು ಗೊತ್ತಾ? ಕಾಲುಚೀಲ. ಒಣ ಕಾಲುಚೀಲ ಮತ್ತು ತಿಮಿಂಗಿಲದ ಎಣ್ಣೆ. ಇಬ್ಬಿಬ್ಬರ ಜೋಡಿ ಮಾಡಿದರು. ದಿನಕ್ಕೊಮ್ಮೆ ಒಬ್ಬ ಇನ್ನೊಬ್ಬನ ಕಾಲನ್ನು ಒರೆಸಿ, ಎಣ್ಣೆ ಹಚ್ಚಿ ತಿಕ್ಕಬೇಕು, ಒಣ ಕಾಲುಚೀಲ ಹಾಕಿಸಬೇಕು. ಅಧಿಕಾರಿ ಬಂದು ಕಾಲು ನೋಡುತ್ತಾನೆ. ಯಾರ ತುಕಡಿಯಲ್ಲಿ ಕಾಲು ಕೆಡುತ್ತದೋ ಆ ಅಧಿಕಾರಿಯೇ ಉತ್ತರ ಹೇಳಬೇಕು. ಕಾಲಡಿಗೆ ಮರದ ಹಲಗೆಗಳನ್ನೂ ಹಾಸಿದರು. ಇಷ್ಟಾದ ಮೇಲೆ ರೋಗ ಬಹಳ ಇಳಿಯಿತು. ಹೊಲದ ಕೆಲಸದಿಂದ ಬಂದ ಅಪ್ಪನ ಕಾಲಿಗೂ ಎಣ್ಣೆ ತಿಕ್ಕದ ಹುಡುಗರು ಅಲ್ಲಿ ಗುರುತಿಲ್ಲದವನ ಪಾದ ಹಿಡಿದು ಕೂತಿದ್ದರು. ಆ ಯುದ್ಧದ ಬಗ್ಗೆ ಓದಿದ್ದರಲ್ಲಿ ನನ್ನ ತಲೆಯಿಂದ ಹೋಗದ ಚಿತ್ರ ಇದು.

ಕೂರೆ, ಇಲಿ, ಚಹಾ

ಕೂರೆಗೆ ಹೆದರಿ ಸೀರೆ ಬಿಸಾಡಿದ ಹಾಗೆ ಅನ್ನುತ್ತೇವೆ. ಇವರಿಗೆ ಬಿಸಾಡಲು ಇನ್ನೊಂದು ಬಟ್ಟೆಯೇ ಇರಲಿಲ್ಲ. ತಲೆಯ ಹೇನಲ್ಲ, ಬಟ್ಟೆಯ ಕೂರೆ. ಅಂಗಿಯ ಹೊಲಿಗೆಯ ಸಂದಿನಲ್ಲಿ ಮೊಟ್ಟೆ ಇಡುತ್ತದೆ. ಮೈಬಿಸಿಗೆ ಮೊಟ್ಟೆ ಒಡೆಯುತ್ತದೆ. ಬಿಡುವಾದಾಗ ಅಂಗಿ ಬಿಚ್ಚಿ, ಹೊಲಿಗೆಯ ಉದ್ದಕ್ಕೂ ಮೇಣದಬತ್ತಿಯ ಉರಿ ಆಡಿಸುತ್ತಾ ಕೂರುತ್ತಿದ್ದರು. ಚಟಚಟ ಸದ್ದು ಬರುತ್ತಿತ್ತಂತೆ. ಸ್ವಲ್ಪ ಹೆಚ್ಚುಕಮ್ಮಿಯಾದರೆ ಅಂಗಿಯೇ ಸುಡುತ್ತದೆ. ಹಿಂದಿನ ಊರಿಗೆ ಹೋದಾಗ ಸ್ನಾನ, ಬಿಸಿ ಹಬೆಯಲ್ಲಿ ಬಟ್ಟೆ ಒಗೆತ ಎಲ್ಲ ಆಗುತ್ತಿತ್ತು. ಉಳಿದ ಮೊಟ್ಟೆಗಳು ಒಂದೆರಡು ದಿನದಲ್ಲಿ ಮತ್ತೆ ಒಡೆಯುತ್ತಿದ್ದವು.

ಅದು ಬರೀ ತುರಿಕೆಯಾಗಿದ್ದರೆ ಸಹಿಸಬಹುದಿತ್ತು. ಸಾವಿರಾರು ಜನ ಮೊಣಕಾಲಿನ ಕೆಳಗೆ ಸಹಿಸಲಾರದ ನೋವು, ಬಂದು ಹೋಗುವ ಜ್ವರ ಅಂತ ಮಲಗಿದರು. ಏನೆಂದು ವೈದ್ಯರಿಗೆ ತಿಳಿಯಲಿಲ್ಲ. ‘ಟ್ರೆಂಚ್ ಫೀವರ್’ ಅಂದರು. ಅದನ್ನು ಹರಡುವುದು ಕೂರೆ ಎಂದು ಖಚಿತವಾಗಿ ಗೊತ್ತಾಗುವ ಹೊತ್ತಿಗೆ 1918 ಬಂದಿತ್ತು.

ಇಲಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೂಳಲಾಗದ ಹೆಣಗಳು ಬಯಲಿನಲ್ಲಿ ಬಿದ್ದಿರುತ್ತಿದ್ದವು, ಇಲಿಗಳು ಕೊಬ್ಬಿದ್ದವು. ಅಷ್ಟು ಸಾಕು.

ದಿನ ಶುರುವಾಗುವುದು ಬೆಳಕು ಹರಿಯುವ ಮುಂಚೆ. ಎಲ್ಲರೂ ಬಂದೂಕು ಹಿಡಿದು ಮೆಟ್ಟಿಲ ಮೇಲೆ ನಿಲ್ಲಬೇಕು. ದಾಳಿ ಆಗುವುದಿದ್ದರೆ ಆ ಮಬ್ಬಿನಲ್ಲೇ. ಬೆಳಕಾದ ಮೇಲೆ ಬಂದೂಕು ಒರೆಸಿ ತೋರಿಸುವುದು, ಕೆಲವೊಮ್ಮೆ ಒಂದು ಗುಟುಕು ರಮ್, ಆಮೇಲೆ ತಿಂಡಿ. ಎಷ್ಟೋ ಕಡೆ ತಿಂಡಿಯ ಹೊತ್ತಿಗೆ ಎರಡೂ ಕಡೆಯವರು ಗುಂಡು ಹಾರಿಸುತ್ತಿರಲಿಲ್ಲ. ಯಾರೂ ಒಪ್ಪಂದ ಮಾಡಿಕೊಂಡಿರಲಿಲ್ಲ. ನೀನು ನನ್ನ ಚಹಾ ಚೆಲ್ಲಬೇಡ, ನಾನು ನಿನ್ನ ಕಾಫಿ ಚೆಲ್ಲುವುದಿಲ್ಲ, ಅಷ್ಟೇ. ಮೇಲಧಿಕಾರಿಗಳಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. 1914ರ ಕ್ರಿಸ್‌ಮಸ್‌ನಲ್ಲಿ ಕೆಲವು ಕಡೆ ಸೈನಿಕರು ಎದ್ದು ಬಂದು ನಡುಬಯಲಲ್ಲಿ ಕೈಕುಲುಕಿ ಸಿಗರೇಟು ಹಂಚಿಕೊಂಡರು. ಮರುವರ್ಷ ಹಾಗಾಗದಂತೆ ಕಟ್ಟಪ್ಪಣೆ ಬಂತು.

ಹಗಲೆಲ್ಲ ತಲೆ ಬಗ್ಗಿಸಿಕೊಂಡು ಮಣ್ಣು ಸರಿಪಡಿಸುವುದು, ತೂಕಡಿಸುವುದು. ನಿಜವಾದ ಕೆಲಸ ರಾತ್ರಿ: ತಂತಿ ಕಟ್ಟುವುದು, ಸಾಮಾನು ಹೊರುವುದು, ಹೆಣ ತರುವುದು. ಊಟ ಅಂದರೆ ಡಬ್ಬಿಯ ದನದ ಮಾಂಸ, ಕಲ್ಲಿನಂಥ ಬಿಸ್ಕತ್ತು, ಜಾಮು. ಹಿಂದಿನಿಂದ ಹೊತ್ತು ತರುವಷ್ಟರಲ್ಲಿ ಬಿಸಿ ಊಟ ತಣ್ಣಗಾಗುತ್ತಿತ್ತು. ನೀರು ಬರುತ್ತಿದ್ದದ್ದು ಹಳೆಯ ಪೆಟ್ರೋಲ್ ಡಬ್ಬಿಗಳಲ್ಲಿ. ಕ್ರಿಮಿ ಸಾಯಲೆಂದು ಅದಕ್ಕೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಿದ್ದರು. ಹಾಗಾಗಿ ಚಹಾಕ್ಕೆ ಪೆಟ್ರೋಲಿನ ವಾಸನೆ, ಬ್ಲೀಚಿನ ರುಚಿ. ಆದರೂ ಬಿಸಿ ಇದೆಯಲ್ಲ ಅಂತ ಕುಡಿಯುತ್ತಿದ್ದರು.

ಒಂದು ಮಾತು ಸ್ಪಷ್ಟವಾಗಲಿ. ಯಾರನ್ನೂ ನಾಲ್ಕು ವರ್ಷ ಒಂದೇ ಸಮ ಮುಂದಿನ ಸಾಲಿನಲ್ಲಿ ಇಡುತ್ತಿರಲಿಲ್ಲ. ಕೆಲವು ದಿನ ಮುಂದೆ, ಕೆಲವು ದಿನ ಹಿಂದಿನ ಸಾಲಿನಲ್ಲಿ, ಆಮೇಲೆ ಊರಿನಲ್ಲಿ ವಿಶ್ರಾಂತಿ. ಹಾಗೆ ಪಾಳಿ ಇತ್ತು. ಇಲ್ಲದಿದ್ದರೆ ಯಾರೂ ಉಳಿಯುತ್ತಿರಲಿಲ್ಲ.

ಕಾಳುಮೆಣಸಿನ ಪತ್ರ

ಆ ಮೊದಲ ಚಳಿಗಾಲದಲ್ಲಿ ಭಾರತದ ಸೈನಿಕರು ಅಲ್ಲಿಗೆ ಹೇಗೆ ಬಂದರು? ಬ್ರಿಟಿಷರ ವೃತ್ತಿಪರ ಸೇನೆ ಚಿಕ್ಕದು. ಶುರುವಿನ ಕದನಗಳಲ್ಲಿ ಅದು ಸವೆದುಹೋಗಿತ್ತು. ತಕ್ಷಣ ಕಳಿಸಬಹುದಾದ, ತರಬೇತಾದ ಸೇನೆ ಅವರಿಗೆ ಇದ್ದದ್ದು ಇಲ್ಲೇ. ಲಾಹೋರ್ ಮತ್ತು ಮೀರತ್ ಡಿವಿಷನ್‌ಗಳನ್ನು ಹಡಗು ಹತ್ತಿಸಿದರು. 1914ರ ಸೆಪ್ಟೆಂಬರ್ ಕೊನೆಗೆ ಮೊದಲ ಪಡೆ ಫ್ರಾನ್ಸ್‌ನ ಮಾರ್ಸೇ ಬಂದರಿನಲ್ಲಿ ಇಳಿಯಿತು. ಪಂಜಾಬಿಗಳು, ಗಢ್ವಾಲಿಗಳು, ಗೂರ್ಖಾಗಳು, ಪಠಾಣರು. ಮೈಮೇಲೆ ತೆಳು ಹತ್ತಿಯ ಖಾಕಿ. ಬೆಚ್ಚನೆಯ ಬಟ್ಟೆ ತಡವಾಗಿ ಬಂತು. ಅಕ್ಟೋಬರ್ ಕೊನೆಗೇ ಅವರು ಮುಂದಿನ ಸಾಲಿನಲ್ಲಿದ್ದರು. ಅಕ್ಟೋಬರ್ 31ರಂದು ಬೆಲ್ಜಿಯಂನಲ್ಲಿ ತನ್ನ ಮೆಷಿನ್ ಗನ್ ಬಿಡದೆ ನಿಂತ ಖುದಾದಾದ್ ಖಾನ್ ವಿಕ್ಟೋರಿಯಾ ಕ್ರಾಸ್ ಗಳಿಸಿದ ಮೊದಲ ಭಾರತೀಯ ಸೈನಿಕ.

ಅವರು ಊರಿಗೆ ಬರೆಸಿದ ಪತ್ರಗಳನ್ನು ಸೇನೆಯ ಸೆನ್ಸಾರ್ ಓದುತ್ತಿತ್ತು. ಮುಖ್ಯ ಅನ್ನಿಸಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಇಟ್ಟುಕೊಳ್ಳುತ್ತಿತ್ತು. ಆ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಇದು ಯುದ್ಧವಲ್ಲ, ಪ್ರಳಯ ಅನ್ನುವ ಧಾಟಿಯ ಮಾತು ಅವುಗಳಲ್ಲಿ ಬರುತ್ತದೆ. ಓದುವವರಿದ್ದಾರೆ ಎಂದು ಗೊತ್ತಿದ್ದರಿಂದ ಕೆಲವರು ಒಗಟಿನಲ್ಲಿ ಬರೆದರು. ಕಾಳುಮೆಣಸು ಮುಗಿಯುತ್ತಾ ಬಂದಿದೆ, ಕೆಂಪು ಮೆಣಸನ್ನು ಅಷ್ಟೊಂದು ಬಳಸುತ್ತಿಲ್ಲ ಅನ್ನುವಂಥ ಸಾಲುಗಳು. ಕಾಳುಮೆಣಸು ಅಂದರೆ ಭಾರತದವರು, ಕೆಂಪು ಮೆಣಸು ಅಂದರೆ ಬಿಳಿಯರು. ಸೆನ್ಸಾರ್‌ಗೂ ಅರ್ಥವಾಯಿತು, ಬಿಡಿ. ಅಡಿಗೆಮನೆಯ ಸುದ್ದಿಯನ್ನು ಯಾರು ಅಷ್ಟು ಗಂಭೀರವಾಗಿ ಯುದ್ಧಭೂಮಿಯಿಂದ ಬರೆಯುತ್ತಾರೆ?

ಗಾಯಗೊಂಡವರಲ್ಲಿ ಬಹಳ ಜನರನ್ನು ಇಂಗ್ಲೆಂಡಿನ ಬ್ರೈಟನ್‌ಗೆ ಕಳಿಸಿದರು. ಅಲ್ಲಿನ ಹಳೆಯ ಅರಮನೆಯನ್ನೇ ಆಸ್ಪತ್ರೆ ಮಾಡಿದ್ದರು. ಜಾತಿ, ಧರ್ಮ ನೋಡಿ ಒಂಬತ್ತು ಅಡಿಗೆಮನೆ. ಗುಣವಾದವರಲ್ಲಿ ಎಷ್ಟೋ ಜನ ಮತ್ತೆ ಕಂದಕಕ್ಕೆ ಹೋಗಬೇಕಾಯಿತು. ಪತ್ರಗಳಲ್ಲಿ ಅವರಿಗೆ ಜಾಸ್ತಿ ನೋವಾದದ್ದು ಇದೇ: ಒಮ್ಮೆ ಗಾಯವಾದರೆ ಋಣ ತೀರಿತು ಅಂದುಕೊಂಡಿದ್ದರು. 1915ರ ಕೊನೆಗೆ ಭಾರತದ ಕಾಲಾಳುಗಳನ್ನು ಫ್ರಾನ್ಸ್‌ನಿಂದ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ ಕಳಿಸಲಾಯಿತು. ಕುದುರೆ ಪಡೆ ಉಳಿಯಿತು.

ಗುಂಡಿಗಿಳಿಯುವ ಹೊಗೆ

1915ರ ಏಪ್ರಿಲ್ 22ರ ಸಂಜೆ, ಬೆಲ್ಜಿಯಂನ ಈಪ್ರ್ ಪಟ್ಟಣದ ಹತ್ತಿರ ಜರ್ಮನ್ನರು ಸಾವಿರಾರು ಸಿಲಿಂಡರ್‌ಗಳ ಮೂತಿ ತೆರೆದರು. ಹಸಿರು ಹಳದಿ ಮೋಡ ಗಾಳಿಯೊಂದಿಗೆ ತೇಲಿ ಬಂತು. ಕ್ಲೋರಿನ್. ಅದು ಗಾಳಿಗಿಂತ ಭಾರ. ನೆಲ ಹಿಡಿದು ಹರಿಯುತ್ತದೆ, ತಗ್ಗು ಕಂಡಲ್ಲಿ ಇಳಿಯುತ್ತದೆ. ಷೆಲ್ಲಿನಿಂದ ಕಾಪಾಡಿದ ಕಂದಕ ಈಗ ಗ್ಯಾಸು ತುಂಬುವ ಪಾತ್ರೆಯಾಯಿತು. ಕೆಳಗೆ ಕೂತರೆ ಉಸಿರು ಹೋಗುತ್ತದೆ, ಮೇಲೆದ್ದರೆ ಗುಂಡು ಬೀಳುತ್ತದೆ. ಮುಖವಾಡ ಯಾರ ಬಳಿಯೂ ಇರಲಿಲ್ಲ. ಕ್ಲೋರಿನ್ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಒದ್ದೆ ಬಟ್ಟೆ ಮೂಗಿಗೆ ಹಿಡಿದರೆ ಸ್ವಲ್ಪ ಉಪಯೋಗ. ನೀರು ಸಿಗದ ಕಡೆ ಮೂತ್ರದಲ್ಲಿ ನೆನೆಸಿ ಹಿಡಿದರು.

ನಾಲ್ಕು ದಿನದ ಮೇಲೆ ಲಾಹೋರ್ ಡಿವಿಷನ್ ಅಲ್ಲಿ ದಾಳಿ ಮಾಡಿತು. ಜಮಾದಾರ್ ಮೀರ್ ದಸ್ತ್ ಗ್ಯಾಸಿನ ನಡುವೆಯೂ ತನ್ನವರನ್ನು ಹಿಡಿದಿಟ್ಟುಕೊಂಡು, ಗಾಯಗೊಂಡ ಎಂಟು ಅಧಿಕಾರಿಗಳನ್ನು ಹೊರತಂದರು. ಅವರಿಗೂ ವಿಕ್ಟೋರಿಯಾ ಕ್ರಾಸ್ ಬಂತು. ಅದಕ್ಕೂ ಕೆಲವೇ ವಾರಗಳ ಮುಂಚೆ ಅವರ ಒಡಹುಟ್ಟಿದ ಮೀರ್ ಮಸ್ತ್ ಕಂದಕ ದಾಟಿ ಜರ್ಮನ್ನರ ಕಡೆ ಹೋಗಿದ್ದರು. ಒಂದೇ ಮನೆ, ಎರಡು ದಾರಿ.

ಗ್ಯಾಸಿನ ಹೆದರಿಕೆ ದೊಡ್ಡದು, ಆದರೆ ಜಾಸ್ತಿ ಜನರನ್ನು ಕೊಂದದ್ದು ಫಿರಂಗಿ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಷೆಲ್ ಬೀಳುತ್ತಿರುತ್ತದೆ. ಎಲ್ಲಿಂದ, ಯಾರು ಅಂತ ಕಾಣುವುದಿಲ್ಲ. ತಿರುಗಿ ಹೊಡೆಯುವಂತಿಲ್ಲ, ಓಡುವಂತಿಲ್ಲ. ಮೈಮೇಲೆ ಗೀರು ಗಾಯ ಇಲ್ಲದವರೂ ಮಾತು ನಿಂತು, ಕೈಕಾಲು ನಡುಗಿ, ಕಣ್ಣು ಕಾಣದೆ ಆಸ್ಪತ್ರೆಗೆ ಬಂದರು. 1915ರಲ್ಲಿ ಚಾರ್ಲ್ಸ್ ಮಯರ್ಸ್ ಎಂಬ ವೈದ್ಯರು ‘ಶೆಲ್ ಶಾಕ್’ ಪದವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದರು. ಕೆಲವರಿಗೆ ಚಿಕಿತ್ಸೆ ಸಿಕ್ಕಿತು. ಇನ್ನು ಕೆಲವರನ್ನು ಹೇಡಿಗಳು ಅಂದರು. ಓಡಿಹೋದದ್ದು, ಹೇಡಿತನ ಮುಂತಾದ ತಪ್ಪುಗಳಿಗೆ ಬ್ರಿಟಿಷ್ ಸೇನೆ ತನ್ನದೇ 306 ಸೈನಿಕರನ್ನು ಗುಂಡಿಟ್ಟು ಕೊಂದಿತು. 2006ರಲ್ಲಿ ಅವರಿಗೆಲ್ಲ ಕ್ಷಮೆ ಸಿಕ್ಕಿತು. ಅಷ್ಟು ಹೊತ್ತಿಗೆ ತೊಂಬತ್ತು ವರ್ಷ ಕಳೆದಿತ್ತು.

ಸಿಕ್ಕು ಬಿಡಿಸಿದ್ದು ಹೇಗೆ?

ಮೊದಲು ಯೋಚಿಸಿದ್ದು ಸುಲಭದ್ದು: ಇನ್ನೂ ಜಾಸ್ತಿ ಷೆಲ್. ಸೊಮ್‌ನಲ್ಲಿ ಬ್ರಿಟಿಷರು ಒಂದು ವಾರ ಹಗಲು ರಾತ್ರಿ ಸುಮಾರು 15 ಲಕ್ಷ ಷೆಲ್ ಹೊಡೆದರು. ಎದುರು ಕಂದಕದಲ್ಲಿ ಇಲಿಯೂ ಉಳಿದಿರುವುದಿಲ್ಲ ಅಂದುಕೊಂಡರು. ಆದರೆ ಬಹಳ ಷೆಲ್‌ಗಳು ತಂತಿ ಕತ್ತರಿಸುವಂಥವಲ್ಲ. ಎಷ್ಟೋ ಸಿಡಿಯಲೇ ಇಲ್ಲ. ಜರ್ಮನ್ನರು ಮೂವತ್ತು ಅಡಿ ಕೆಳಗೆ ಕಾಯುತ್ತಿದ್ದರು. 1916ರ ಜುಲೈ 1ರ ಬೆಳಗ್ಗೆ 7:30ಕ್ಕೆ ಷೆಲ್ ಮುಂದಕ್ಕೆ ಸರಿದ ಕೂಡಲೇ ಮೇಲೆ ಹತ್ತಿ ಬಂದು ಮೆಷಿನ್ ಗನ್ ಹೂಡಿದರು. ಆ ಒಂದೇ ದಿನ ಬ್ರಿಟಿಷ್ ಕಡೆ 57,470 ಮಂದಿ ಬಿದ್ದರು. ಅವರಲ್ಲಿ ಸತ್ತವರು 19,240. ಕದನ ನವೆಂಬರ್‌ವರೆಗೂ ನಡೆಯಿತು.

ಒಂದೇ ಉಪಾಯದಿಂದ ಬೀಗ ತೆರೆಯಲಿಲ್ಲ. ಸೈನಿಕರ ಮುಂದೆ ಮುಂದೆ ಷೆಲ್ಲಿನ ಪರದೆ ಸರಿಯುವಂತೆ ಹೊಡೆಯಲು ಕಲಿತರು. ಸದ್ದು ಕೇಳಿ ಎದುರಿನ ಫಿರಂಗಿ ಎಲ್ಲಿದೆ ಎಂದು ಲೆಕ್ಕ ಹಾಕಲು ಕಲಿತರು. 1916ರ ಸೆಪ್ಟೆಂಬರ್‌ನಲ್ಲಿ ಟ್ಯಾಂಕ್ ಬಂತು. ತಂತಿಯನ್ನು ತುಳಿದು ಹೋಗುವ ಗಾಡಿ, ಆದರೆ ದಾರಿಯಲ್ಲೇ ಕೆಟ್ಟು ನಿಲ್ಲುವುದೇ ಜಾಸ್ತಿ. ಜರ್ಮನ್ನರು ಚಿಕ್ಕ ಚಿಕ್ಕ ಗುಂಪುಗಳಾಗಿ ಗಟ್ಟಿ ಜಾಗ ಬಿಟ್ಟು ಸಂದಿನಲ್ಲಿ ನುಸುಳುವುದನ್ನು ಬೆಳೆಸಿದರು. 1918ರಲ್ಲಿ ಇವೆಲ್ಲ ಒಟ್ಟಿಗೆ ಕೂಡಿದವು, ಜೊತೆಗೆ ಅಮೆರಿಕದ ಸೈನಿಕರೂ ಬಂದರು. ಆಗ ಸಾಲು ಅಲುಗಿತು.

ಕುದುರೆ ಪಡೆ ಮಾತ್ರ ಫ್ರಾನ್ಸ್‌ನಲ್ಲಿ ಹಿಂದೆಯೇ ನಿಂತು ಸಾಲು ಒಡೆಯುವುದನ್ನು ಕಾಯುತ್ತಾ ಸುಸ್ತಾಯಿತು. ಪ್ಯಾಲೆಸ್ತೀನ್‌ನಲ್ಲಿ ಕಥೆ ಬೇರೆ. ಅಲ್ಲಿ ಕಾಲಾಳುಗಳು ಕಂದಕದ ಸಾಲನ್ನು ಒಡೆದರು, ಆಚೆ ಕುದುರೆಗಳಿಗೆ ವಿಶಾಲ ಬಯಲು ಸಿಕ್ಕಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ಕುದುರೆಯ ಮೇಲೆ ನುಗ್ಗಿ ಹೈಫಾ ಪಟ್ಟಣ ಹಿಡಿದರು. ಮೈಸೂರಿನ ಸವಾರರ ಸ್ಮಾರಕ ಬೆಂಗಳೂರಿನಲ್ಲಿದೆ. ಅದೇ ಸವಾರರನ್ನು ಫ್ಲಾಂಡರ್ಸ್‌ನ ತಂತಿಯ ಮುಂದೆ ನಿಲ್ಲಿಸಿದ್ದರೆ ಆ ಓಟ ಎಷ್ಟು ಗಜ ಸಾಗುತ್ತಿತ್ತೋ!

ಯುದ್ಧ ಮುಗಿದ ಮೇಲೆ ರೈತರು ಬಂದರು. ಕಂದಕ ಮುಚ್ಚಿದರು, ಕಾಲುವೆ ರಿಪೇರಿ ಮಾಡಿದರು, ಮತ್ತೆ ಬಿತ್ತಿದರು. ಮೆಸೀನ್ ಎಂಬಲ್ಲಿ 1917ರ ಜೂನ್ 7ರಂದು ಬ್ರಿಟಿಷರು ಜರ್ಮನ್ ಕಂದಕದ ಅಡಿಗೆ ಸುರಂಗ ಕೊರೆದು 19 ಕಡೆ ಸ್ಫೋಟಿಸಿದ್ದರು. ಹೂತಿಟ್ಟಿದ್ದರಲ್ಲಿ ಕೆಲವು ಬಳಕೆಯಾಗದೆ ಉಳಿದವು. 1955ರಲ್ಲಿ ಸಿಡಿಲು ಬಡಿದು ಅವುಗಳಲ್ಲಿ ಒಂದು ಸಿಡಿಯಿತು. ಸತ್ತದ್ದು ಒಂದು ಹಸು. ಈಪ್ರ್ ಸುತ್ತಲಿನ ಹೊಲಗಳಲ್ಲಿ ಉಳುವಾಗ ಈಗಲೂ ಷೆಲ್ ಮೇಲೆ ಬರುತ್ತದೆ, ಕೆಲವುಗಳ ಒಳಗೆ ಗ್ಯಾಸು ಹಾಗೇ ಇದೆ. ರೈತ ಅದನ್ನು ಎತ್ತಿ ಹೊಲದ ಅಂಚಿಗೆ, ರಸ್ತೆ ಬದಿಗೆ ಇಟ್ಟು ಫೋನ್ ಮಾಡುತ್ತಾನೆ. ಬೆಲ್ಜಿಯಂ ಸೇನೆಯ ಗಾಡಿ ಬಂದು ತೆಗೆದುಕೊಂಡು ಹೋಗುತ್ತದೆ. ಅವನು ಟ್ರ್ಯಾಕ್ಟರ್ ಹತ್ತಿ ಉಳಿದ ಸಾಲು ಉಳುತ್ತಾನೆ.